ಎಲ್ಲರೂ ನಾಲ್ಕು ಕೊಟ್ಟಿದ್ದಾರೆ, ನಾನೊಬ್ಬಳೇ ಎರಡು ಕೊಡಲಾ?

ನೈಟ್‌ಡ್ಯೂಟಿ · ಸೋಮವಾರ, ರಾತ್ರಿ 11:40

ನಮ್ಮ ವಾರ್ಡಿಗೆ ಕಲಿಯಲು ಬಂದ ವಿದ್ಯಾರ್ಥಿನಿಯ ಪೋಸ್ಟಿಂಗ್ ಮುಗಿಯಲು ಇನ್ನು ನಾಲ್ಕು ದಿನ. ಮೇಜಿನ ಮೇಲೆ ಮೌಲ್ಯಮಾಪನದ ಫಾರಂ ಇದೆ, ಪೆನ್ನೂ ಇದೆ. ಕೈ ಮಾತ್ರ ಓಡುತ್ತಿಲ್ಲ.

ಕೊನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಥಿಯರಿಯಲ್ಲಿ ಮುಂದು. ಹೊತ್ತಿಗೆ ಸರಿಯಾಗಿ ಬರುತ್ತಾಳೆ, ರೋಗಿಗಳ ಜೊತೆ ನಗುನಗುತ್ತಾ ಮಾತಾಡುತ್ತಾಳೆ, ಕೆಲಸ ಹೇಳಿದರೆ ಮುಖ ಗಂಟು ಹಾಕುವುದಿಲ್ಲ. ವಾರ್ಡಿನಲ್ಲಿ ಎಲ್ಲರಿಗೂ ಇಷ್ಟ. ನನಗೂ ಇಷ್ಟ, ಅದೇ ಕಷ್ಟ.

ಎರಡು ಸಲ ರೋಗಿಯ ಹೆಸರಿರುವ ಕೈಪಟ್ಟಿ ನೋಡದೆ, ಹೆಸರು ಕೇಳದೆ ಮಾತ್ರೆ ಕೊಡಲು ಹೋದಳು. ಎರಡು ಸಲವೂ ನಾನು ಪಕ್ಕದಲ್ಲಿದ್ದೆ, ತಡೆದೆ. ನೋಡಿದರೆ ಮಾತ್ರೆಯೂ ಸರಿ, ರೋಗಿಯೂ ಸರಿ. "ಮೂರು ದಿನದಿಂದ ನೋಡ್ತಿರೋ ರೋಗಿ ತಾನೇ ಮೇಡಂ" ಅಂದಳು.

ಮೂರನೆಯದು ನನ್ನನ್ನು ಜಾಸ್ತಿ ಕಾಡುತ್ತಿದೆ. ಆಪರೇಷನ್ ಆಗಿ ಎರಡನೇ ದಿನದ ರೋಗಿ. ಉಸಿರಾಟ ನಿಮಿಷಕ್ಕೆ 28. ಚಾರ್ಟಿನಲ್ಲಿ ನೀಟಾಗಿ 28 ಅಂತ ಬರೆದಿದ್ದಾಳೆ. ನಾಲ್ಕು ಗಂಟೆ ಬಿಟ್ಟು ಮತ್ತೆ 28, ಅದನ್ನೂ ಬರೆದಿದ್ದಾಳೆ. ಯಾರಿಗೂ ಹೇಳಿಲ್ಲ. ಡ್ಯೂಟಿ ಬದಲಾಗುವಾಗ ನನ್ನ ಕಣ್ಣಿಗೆ ಬಿತ್ತು, ಡಾಕ್ಟರನ್ನು ಕರೆಸಿದೆವು, ರೋಗಿ ಹುಷಾರಾದರು. ಯಾಕೆ ಹೇಳಲಿಲ್ಲ ಅಂತ ಕೇಳಿದರೆ "ಬರೆದಿದ್ದೀನಲ್ಲ ಮೇಡಂ" ಅಂದಳು. ದೊಡ್ಡವರಿಗೆ ಎಷ್ಟಿರಬೇಕು ಅಂದರೆ ಥಟ್ಟನೆ "12ರಿಂದ 20" ಅಂತಲೂ ಹೇಳಿದಳು!

ಫಾರಂನಲ್ಲಿ ಒಂದರಿಂದ ಐದರವರೆಗೆ ಟಿಕ್ ಹಾಕಬೇಕು. ಹಿಂದಿನ ಮೂರು ಪೋಸ್ಟಿಂಗ್‌ಗಳ ಫಾರಂ ತೆಗೆದು ನೋಡಿದೆ. ಮೇಲಿಂದ ಕೆಳಗಿನವರೆಗೂ ನಾಲ್ಕು, ನಾಲ್ಕು, ನಾಲ್ಕು. ಈಗ ನಾನು ಎರಡು ಹಾಕಿದರೆ ತಪ್ಪು ಅವಳದ್ದಾ, ನನ್ನದಾ ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮಲ್ಲಿ ಯಾರಾದರೂ ಇದನ್ನು ದಾಟಿದ್ದೀರಾ?

ಹಳೇಕೋಟು · ಮಂಗಳವಾರ, ಬೆಳಿಗ್ಗೆ 6:15

ದಾಟಿದ್ದೇನೆ ಮೇಡಂ, ಮುಗ್ಗರಿಸಿಯೂ ಇದ್ದೇನೆ. ಮೆಡಿಸಿನ್ ವಿಭಾಗದಲ್ಲಿ 20 ವರ್ಷಕ್ಕೂ ಮೇಲೆ ಇಂಥ ಫಾರಂ ತುಂಬಿದವನು ಹೇಳುತ್ತಿದ್ದೇನೆ: ಆ ನಾಲ್ಕು ಒಂದು ಅಂಕವೇ ಅಲ್ಲ. "ಈ ಹುಡುಗಿ ನನಗೆ ತೊಂದರೆ ಕೊಡಲಿಲ್ಲ" ಅನ್ನುವುದಕ್ಕೆ ನಾವು ಬಳಸುವ ಗುರುತು ಅದು. ಐದು ಹಾಕಿದರೆ ಯಾಕೆ ಅಂತ ಕೇಳುತ್ತಾರೆ, ಮೂರು ಹಾಕಿದರೂ ಕೇಳುತ್ತಾರೆ. ನಾಲ್ಕಕ್ಕೆ ಯಾರೂ ಕೇಳುವುದಿಲ್ಲ.

ಒಬ್ಬರು ಹಿಡಿಸಿಬಿಟ್ಟರೆ ಅವರ ಎಲ್ಲ ಗುಣಕ್ಕೂ ಅದೇ ಬಣ್ಣ ಬಳಿದುಬಿಡುತ್ತೇವೆ. ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಷ್ಟು ಹಿಂದೆಯೇ ಇದನ್ನು ತೋರಿಸಿದ್ದ. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಬುದ್ಧಿ, ಮೈಕಟ್ಟು, ನಾಯಕತ್ವ, ನಡತೆ ಅಂತ ಬೇರೆ ಬೇರೆ ಅಂಕ ಕೊಡಬೇಕಿತ್ತು. ಎಲ್ಲ ಅಂಕಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ನಿಮ್ಮ ಹುಡುಗಿಯ ನಗುವೂ ಔಷಧಿ ಕಾಲಂಗೆ ಸೋರಿರಬಹುದು, ಅಲ್ವಾ?

ಒಂದೇ ಪ್ರಶ್ನೆ. ಹಿಂದಿನ ಆ ಮೂವರಲ್ಲಿ ಅವಳು ಔಷಧಿ ಕೊಡುವುದನ್ನು ಪಕ್ಕದಲ್ಲಿ ನಿಂತು ನೋಡಿದವರು ಎಷ್ಟು ಮಂದಿ?

ನೈಟ್‌ಡ್ಯೂಟಿ · ಮಂಗಳವಾರ, ಬೆಳಿಗ್ಗೆ 7:02

ಗೊತ್ತಿಲ್ಲ ಸರ್. ಕೇಳುವ ಧೈರ್ಯ ಬಂದಿಲ್ಲ. ಅವರಲ್ಲಿ ಒಬ್ಬರು ನನ್ನ ಸೀನಿಯರ್.

ಲೆಕ್ಕದವಳು · ಮಂಗಳವಾರ, ಬೆಳಿಗ್ಗೆ 9:30

ನಾನು ಪರೀಕ್ಷಾ ವಿಭಾಗದಲ್ಲಿ ಅಂಕಗಳ ಲೆಕ್ಕ ನೋಡುವವಳು. ರೋಗಿಯನ್ನು ಮುಟ್ಟಿದವಳಲ್ಲ, ಹಾಗಾಗಿ ಸ್ವಲ್ಪ ನಿಷ್ಠುರವಾಗಿ ಹೇಳಿದರೆ ಬೇಸರ ಬೇಡ. ಮೇಡಂ, ಆ ನಾಲ್ಕುಗಳನ್ನು ನಂಬಬೇಡಿ. ಆದರೆ ನಿಮ್ಮ ಎರಡನ್ನೂ ಇನ್ನೂ ನಂಬಬೇಡಿ.

ಯಾಕೆ ಅಂದರೆ ನೀವು ನೋಡಿದ್ದು ಮೂರು ಗಳಿಗೆ. ನೋಡಿದ್ದು ಒಂದೇ ಜೊತೆ ಕಣ್ಣು. ಎಲ್‌ಸ್ಟೀನ್, ಶುಲ್ಮನ್, ಸ್ಪ್ರಾಫ್ಕಾ ಎಂಬವರು ವೈದ್ಯರ ಯೋಚನೆಯ ಬಗ್ಗೆ ಕೆಲಸ ಮಾಡಿ 1978ರಲ್ಲಿ ಪ್ರಕಟಿಸಿದರು. ಒಂದು ಕೇಸನ್ನು ಚೆನ್ನಾಗಿ ಬಿಡಿಸಿದವರು ಇನ್ನೊಂದನ್ನೂ ಚೆನ್ನಾಗಿ ಬಿಡಿಸುತ್ತಾರೆ ಅಂತ ಹೇಳಲಾಗದು, ಅನ್ನುವುದು ಅಲ್ಲಿ ಕಂಡ ದೊಡ್ಡ ವಿಷಯ. ಎದೆನೋವಿನ ರೋಗಿಯ ಮುಂದೆ ಮಿಂಚಿದವನು ತಲೆಸುತ್ತಿನ ರೋಗಿಯ ಮುಂದೆ ತಡವರಿಸಬಹುದು. ಹಾಗಾಗಿ ಒಂದು ಉದ್ದನೆಯ ಪರೀಕ್ಷೆಗಿಂತ ಹಲವು ಚಿಕ್ಕ ಪರೀಕ್ಷೆ, ಒಬ್ಬ ಎಕ್ಸಾಮಿನರ್‌ಗಿಂತ ಹಲವರು. ನಮ್ಮ ಕೆಲಸದ ಮುಕ್ಕಾಲು ಭಾಗ ಇದನ್ನೇ ಹೇಳಿ ಹೇಳಿ ಬೈಸಿಕೊಳ್ಳುವುದು.

ಇನ್ನೊಂದು ಕೇಳಲೇಬೇಕು. ಇವಳಿಗಿಂತ ಮುಂಚೆ ನಿಮ್ಮ ಹತ್ತಿರ ಇದ್ದ ವಿದ್ಯಾರ್ಥಿ ಹೇಗಿದ್ದರು? 2012ರಲ್ಲಿ ಯೇಟ್ಸ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದ್ದರು. ಒಂದು ಗುಂಪಿನ ವೈದ್ಯರಿಗೆ ಮೊದಲು ಒಳ್ಳೆಯ ಟ್ರೈನಿಗಳ ವಿಡಿಯೋ, ಇನ್ನೊಂದು ಗುಂಪಿಗೆ ಮೊದಲು ಕಳಪೆ ವಿಡಿಯೋ. ಆಮೇಲೆ ಇಬ್ಬರಿಗೂ ಮಧ್ಯಮ ಮಟ್ಟದ ಅದೇ ವಿಡಿಯೋ. ಒಳ್ಳೆಯವರನ್ನು ನೋಡಿ ಬಂದವರು ಕಡಿಮೆ ಅಂಕ ಕೊಟ್ಟರು. ತಕ್ಕಡಿ ನಮ್ಮೊಳಗೇ ಅಲ್ಲಾಡುತ್ತಿರುತ್ತದೆ.

ನೈಟ್‌ಡ್ಯೂಟಿ · ಮಂಗಳವಾರ, ಬೆಳಿಗ್ಗೆ 9:48

ಅಯ್ಯೋ. ಹಿಂದಿನವಳು ಇಷ್ಟು ವರ್ಷದಲ್ಲಿ ನಾನು ಕಂಡ ಅತ್ಯಂತ ಚುರುಕಿನ ಹುಡುಗಿ. ಇದನ್ನು ಓದಿ ಎದೆ ಚುರುಕ್ ಅಂತು. ಆದರೂ 28 ಅಂದರೆ 28 ತಾನೇ?

ಲೆಕ್ಕದವಳು · ಮಂಗಳವಾರ, ಬೆಳಿಗ್ಗೆ 10:05

28 ಅಂದರೆ 28ಯೇ. ಅದನ್ನು ಬಿಡಿ ಅನ್ನುತ್ತಿಲ್ಲ.

ಈಗಷ್ಟೇ_ಇಂಟರ್ನ್ · ಮಂಗಳವಾರ, ಮಧ್ಯಾಹ್ನ 2:20

ದೊಡ್ಡವರ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಫಾರಂನ ಆ ಕಡೆ ನಿಂತವನ ಮಾತೂ ಸ್ವಲ್ಪ ಕೇಳಿ.

ಐದು ವರ್ಷದಲ್ಲಿ ನಾನು ರೋಗಿಯ ಹಿಸ್ಟರಿ (ಕಾಯಿಲೆಯ ಹಿನ್ನೆಲೆ) ತೆಗೆದುಕೊಳ್ಳುವುದನ್ನು ಶುರುವಿನಿಂದ ಕೊನೆವರೆಗೆ ಕೂತು ನೋಡಿದವರು ಇಬ್ಬರು. ಉಳಿದವರೆಲ್ಲ ನಾನು ಬಂದು ಒಪ್ಪಿಸಿದ ಕೇಸನ್ನು ಕೇಳಿದರು. ನಾನು ಕೇಳದ ಪ್ರಶ್ನೆಯನ್ನೂ ಕೇಳಿದೆ ಅಂದರೆ ನಂಬಿದರು. ಹೌದು, ಅಂದಿದ್ದೇನೆ. ಪೋಸ್ಟಿಂಗಿನ ಕೊನೆ ದಿನ ಲಾಗ್‌ಬುಕ್ಕಿಗೆ ಒಟ್ಟಿಗೇ 22 ಸೈನ್ ಬಿದ್ದವು. ಹಾಕುವಾಗ ಆ ಸರ್ ಫೋನಿನಲ್ಲಿ ಮಾತಾಡುತ್ತಿದ್ದರು.

ಆಸ್ಕಿ (OSCE) ಪರೀಕ್ಷೆಯದ್ದು ಇನ್ನೊಂದು ಕಥೆ. ಗಂಟೆ ಬಾರಿಸಿದ ಹಾಗೆ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಹೋಗಿ, ಒಂದೊಂದರಲ್ಲೂ ಒಂದು ಚಿಕ್ಕ ಕೆಲಸ ಮಾಡಿ ತೋರಿಸುವ ಪರೀಕ್ಷೆ ಅದು. ಬಾಗಿಲು ದಾಟಿದ ತಕ್ಷಣ "ಕೈ ತೊಳೆದೆ" ಅಂತ ಬಾಯಲ್ಲಿ ಹೇಳಬೇಕು. ಹೇಳಿದರೆ ಅಂಕ. ನಲ್ಲಿ ಮುಟ್ಟಬೇಕಾಗಿಲ್ಲ! ನಮ್ಮ ಬ್ಯಾಚಿನವರೆಲ್ಲ ಚೆಕ್‌ಲಿಸ್ಟನ್ನು ಮಗ್ಗಿ ತರಹ ಬಾಯಿಪಾಠ ಮಾಡಿದ್ದೆವು.

ಆ ಅಕ್ಕನನ್ನು ಫೇಲ್ ಮಾಡಿದರೆ ನನಗೇನೂ ಬೇಜಾರಿಲ್ಲ. ಆದರೆ ಕೈಪಟ್ಟಿ ನೋಡಲಿಲ್ಲ ಅಂತ ಅವಳಿಗೆ ಕೊನೆಯ ವರ್ಷದಲ್ಲಿ, ಕೊನೆಯ ವಾರದಲ್ಲಿ ಮೊದಲ ಸಲ ಗೊತ್ತಾದರೆ ಅದು ನ್ಯಾಯವಾ?

ಸ್ಟೇಷನ್_ಏಳು · ಮಂಗಳವಾರ, ಸಂಜೆ 5:10

ಇಂಟರ್ನ್ ಸಾಹೇಬರು ಆಸ್ಕಿಗೆ ಬೈದಿದ್ದಾರೆ. ವರ್ಷಕ್ಕೆ ನೂರಾರು ಮಂದಿಗೆ ಗಂಟೆ ಬಾರಿಸಿ ಸ್ಟೇಷನ್ ನಡೆಸುವವನು ನಾನು. ಸುಮ್ನೆ ಇರಲಾಗಲಿಲ್ಲ.

ಅದಕ್ಕೂ ಮುಂಚೆ ಏನಿತ್ತು ಅಂತ ಗೊತ್ತಾ? ಲಾಂಗ್ ಕೇಸ್. ಒಬ್ಬ ರೋಗಿ, ಒಂದು ಗಂಟೆ, ಒಬ್ಬರೋ ಇಬ್ಬರೋ ಎಕ್ಸಾಮಿನರ್‌ಗಳು. ರೋಗಿ ಬಾಯಿಬಿಡುವವರಾಗಿದ್ದರೆ ಪಾಸು. ಎಕ್ಸಾಮಿನರ್ ಬೆಳಿಗ್ಗೆ ಮನೆಯಲ್ಲಿ ಜಗಳವಾಡಿ ಬಂದಿದ್ದರೆ ಗೋವಿಂದ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಗಾರರು 1975ರಲ್ಲಿ ಆಸ್ಕಿಯನ್ನು ಪ್ರಕಟಿಸಿದ್ದು ಈ ಲಾಟರಿಯನ್ನು ತಪ್ಪಿಸಲಿಕ್ಕೆ. ಎಲ್ಲರಿಗೂ ಅದೇ ಕೆಲಸ, ಅಷ್ಟೇ ಹೊತ್ತು, ಸ್ಟೇಷನ್‌ಗೆ ಒಬ್ಬ ಬೇರೆ ಎಕ್ಸಾಮಿನರ್. ಲೆಕ್ಕದವಳು ಮೇಡಂ ಕೇಳಿದ "ಹಲವು ಚಿಕ್ಕ ನೋಟ, ಹಲವು ಕಣ್ಣು" ಇದೇ ಅಲ್ಲವೇ?

ಕೈ ತೊಳೆದೆ ಅಂತ ಬಾಯಲ್ಲಿ ಹೇಳಿಸುವುದು ಮೂರ್ಖತನ, ಒಪ್ಪಿದೆ. ಅದು ನಾವು ಬರೆದ ಸ್ಟೇಷನ್ನಿನ ತಪ್ಪು. ಚೆಕ್‌ಲಿಸ್ಟಿನ ಮಿತಿಯೂ ನಿಜ. ಹಾಜಸ್ ಮತ್ತು ಇತರರು 1999ರಲ್ಲಿ ಇದನ್ನು ಪರೀಕ್ಷಿಸಿದರು. ವಿದ್ಯಾರ್ಥಿಗಳು, ತರಬೇತಿಯಲ್ಲಿದ್ದವರು, ಅನುಭವಿ ವೈದ್ಯರು ಮೂವರನ್ನೂ ಒಂದೇ ಸ್ಟೇಷನ್‌ಗಳಲ್ಲಿ ಕೂರಿಸಿದರು. ಚೆಕ್‌ಲಿಸ್ಟಿನಲ್ಲಿ ಅನುಭವ ಜಾಸ್ತಿ ಆದ ಹಾಗೆ ಅಂಕ ಏರಲೇ ಇಲ್ಲ. ಯಾಕೆ ಅಂತ ವಾರ್ಡಿನಲ್ಲಿ ಇರುವವರಿಗೆ ಗೊತ್ತು. ಹಳಬರು 30 ಪ್ರಶ್ನೆ ಕೇಳುವುದಿಲ್ಲ. ನಾಲ್ಕು ಕೇಳುತ್ತಾರೆ, ಆ ನಾಲ್ಕು ಸರಿಯಾಗಿರುತ್ತವೆ. "ಒಟ್ಟಾರೆ ಹೇಗೆ ಮಾಡಿದರು" ಅಂತ ಎಕ್ಸಾಮಿನರ್ ಕೊಡುವ ಅಂಕ ಮಾತ್ರ ಆ ವ್ಯತ್ಯಾಸವನ್ನು ಹಿಡಿಯಿತು. ಅದಕ್ಕೇ ಈಗ ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ. ಪಾಸ್ ಗೆರೆಯನ್ನೂ 50 ಅಂತ ಕಣ್ಣುಮುಚ್ಚಿ ಎಳೆಯುವುದಿಲ್ಲ. "ಇವನು ಅಂಚಿನಲ್ಲಿದ್ದಾನೆ" ಅಂತ ಎಕ್ಸಾಮಿನರ್‌ಗಳು ಅಂದವರ ಅಂಕ ಎಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿ ಎಳೆಯುತ್ತೇವೆ.

ನಟಿಸುವ_ರೋಗಿ · ಮಂಗಳವಾರ, ಸಂಜೆ 7:45

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಸ್ಟೇಷನ್ನಿನಲ್ಲಿ ಹೊಟ್ಟೆನೋವು ಅಂತ ಮಲಗುವವಳು. ಈ ಕೆಲಸವನ್ನು 1963ರಲ್ಲಿ ಹೊವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು ಶುರುಮಾಡಿದರು ಅಂತ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು.

ಮಲಗಿದವರಿಗೆ ಕಾಣುವುದೇ ಬೇರೆ. ಚೆಕ್‌ಲಿಸ್ಟಿನಲ್ಲಿ "ರೋಗಿಯ ಕಷ್ಟಕ್ಕೆ ಸ್ಪಂದಿಸಿದರು" ಅಂತ ಒಂದು ಮನೆ ಇದೆ. ಒಂದು ದಿನ 14 ಮಂದಿ ಒಬ್ಬರಾದ ಮೇಲೆ ಒಬ್ಬರು ಬಂದು "ನಿಮಗೆ ಎಷ್ಟು ಕಷ್ಟ ಆಗ್ತಿದೆ ಅಂತ ನನಗೆ ಅರ್ಥ ಆಗುತ್ತೆ" ಅಂದರು. ಅದೇ ರಾಗ. ಒಬ್ಬ ಹೇಳುವಾಗ ಗೋಡೆ ಗಡಿಯಾರ ನೋಡುತ್ತಿದ್ದ. 14 ಟಿಕ್ ಬಿತ್ತು. ಹದಿನೈದನೆಯವಳು ಆ ಮಾತು ಹೇಳಲೇ ಇಲ್ಲ. ಹೊಟ್ಟೆ ಮುಟ್ಟುವ ಮುಂಚೆ ತನ್ನ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಅದಕ್ಕೆ ಮನೆಯೇ ಇರಲಿಲ್ಲ.

ನಮ್ಮ ಅಂಕವನ್ನೂ ಸೇರಿಸುವ ಕಡೆ ಸೇರಿಸುತ್ತಾರೆ. ನಿಮ್ಮ ವಾರ್ಡಿನಲ್ಲಿ ಉಸಿರು 28 ಇದ್ದ ಆ ರೋಗಿಯನ್ನು ಯಾರಾದರೂ ಆ ಹುಡುಗಿಯ ಬಗ್ಗೆ ಕೇಳಿದರಾ ಮೇಡಂ?

ಸುಮ್ನೆ_ಸೈನ್_ಹಾಕಿ · ಮಂಗಳವಾರ, ರಾತ್ರಿ 9:00

ಎಲ್ಲರೂ ದೊಡ್ಡ ದೊಡ್ಡ ಮಾತು. ನಾನು ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಪಾಸ್ ಮಾಡಿ ಕಳಿಸಿ. ಯಾರಿಗೂ ಏನೂ ಆಗಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳಲ್ಲಿ ಕಲಿಯುತ್ತಾಳೆ, ನಾವೆಲ್ಲ ಹಾಗೇ ಕಲಿತವರು. ಫೇಲ್ ಮಾಡಿದರೆ ಮೇಲ್ಮನವಿ, ಕಮಿಟಿ, ವಿವರಣೆ ಪತ್ರ. ನಿಮ್ಮ ರಜೆಯೆಲ್ಲ ಅದರಲ್ಲೇ ಕರಗುತ್ತದೆ.

ಹಳೇಕೋಟು · ಮಂಗಳವಾರ, ರಾತ್ರಿ 9:35

ನೀವು ಬರೆದದ್ದು ಓದಿದರೆ ಸಿಟ್ಟು ಬರಬೇಕು. ಬರುವುದಿಲ್ಲ, ಯಾಕೆಂದರೆ ನಾನೂ ಹಾಗೇ ಸೈನ್ ಹಾಕಿದ್ದೇನೆ.

ಇದಕ್ಕೊಂದು ಹೆಸರೇ ಇದೆ, ಫೇಲ್ ಮಾಡಲು ಫೇಲಾಗುವುದು. 2003ರಲ್ಲಿ ಕ್ಯಾಥ್ಲೀನ್ ಡಫಿ ಸ್ಕಾಟ್ಲೆಂಡಿನಲ್ಲಿ ನರ್ಸಿಂಗ್ ಮಾರ್ಗದರ್ಶಕರನ್ನು ಮಾತಾಡಿಸಿ ವರದಿ ಬರೆದರು. ಅನುಮಾನ ಇದ್ದರೂ ಜನ ಪಾಸ್ ಮಾಡುತ್ತಿದ್ದರು. ಮೊದಲ ವರ್ಷದಲ್ಲಿ "ಮುಂದೆ ಸರಿಹೋಗುತ್ತಾಳೆ" ಅಂತ, ಕೊನೆಯ ವರ್ಷದಲ್ಲಿ "ಇಷ್ಟು ದೂರ ಬಂದಿದ್ದಾಳೆ ಪಾಪ" ಅಂತ. 2005ರಲ್ಲಿ ಡ್ಯೂಡೆಕ್ ಮತ್ತು ಇತರರು ವೈದ್ಯ ಶಿಕ್ಷಕರನ್ನು ಕೇಳಿದರು. ಬರೆದಿಟ್ಟ ದಾಖಲೆ ಇಲ್ಲ, ಏನು ಬರೆಯಬೇಕು ಗೊತ್ತಿಲ್ಲ, ಮೇಲ್ಮನವಿಯ ಭಯ, ಫೇಲ್ ಮಾಡಿದ ಮೇಲೆ ತಿದ್ದಲು ದಾರಿ ಇಲ್ಲ. ನೀವು ಹೇಳಿದ್ದೇ ಪಟ್ಟಿ.

"ಯಾರಿಗೂ ಏನೂ ಆಗಿಲ್ಲ" ಅನ್ನುವುದಕ್ಕೆ ಇನ್ನೊಂದು ಉತ್ತರ ಇದೆ. ಅಮೆರಿಕದಲ್ಲಿ ಪಾಪಡಾಕಿಸ್ ಮತ್ತು ಇತರರು ವೈದ್ಯಕೀಯ ಮಂಡಳಿಗಳಿಂದ ಶಿಸ್ತುಕ್ರಮಕ್ಕೆ ಒಳಗಾದ 235 ವೈದ್ಯರ ಕಾಲೇಜು ಕಡತ ತೆಗೆದು, 469 ಬೇರೆ ವೈದ್ಯರ ಕಡತದ ಜೊತೆ ಹೋಲಿಸಿದರು. 2005ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಯಾಗಿದ್ದಾಗ ವೃತ್ತಿಗೆ ತಕ್ಕುದಲ್ಲದ ನಡತೆ ದಾಖಲಾಗಿದ್ದವರಲ್ಲಿ ಮುಂದೆ ಕ್ರಮಕ್ಕೆ ಗುರಿಯಾಗುವ ಸಂಭವ ಸುಮಾರು 3 ಪಟ್ಟು. ಯಾರೋ ಅವತ್ತು ಕಡತದಲ್ಲಿ ಬರೆದಿದ್ದರಿಂದಲೇ ಇದು ಗೊತ್ತಾಗಿದ್ದು.

ಲೆಕ್ಕದವಳು · ಮಂಗಳವಾರ, ರಾತ್ರಿ 10:10

ಸರ್, ಅದನ್ನು ಈ ಹುಡುಗಿಗೆ ಅಂಟಿಸಬೇಡಿ. ಆ ಅಧ್ಯಯನ ನಡತೆಯದ್ದು: ಹೊಣೆ ಇಲ್ಲದಿರುವುದು, ತಿದ್ದಿಕೊಳ್ಳಲು ಒಪ್ಪದಿರುವುದು. ಕೌಶಲದ ಕೊರತೆಯದ್ದಲ್ಲ. ಅದೂ ಗುಂಪಿನ ಲೆಕ್ಕ. ಕಡತದಲ್ಲಿ ಕಪ್ಪು ಚುಕ್ಕೆ ಇದ್ದೂ ಒಳ್ಳೆಯ ವೈದ್ಯರಾದವರು ಅದೇ 469ರಲ್ಲೂ ಇದ್ದಾರೆ.

ಹಳೇಕೋಟು · ಮಂಗಳವಾರ, ರಾತ್ರಿ 10:14

ಒಪ್ಪಿದೆ. ಮಾತಿನ ಭರದಲ್ಲಿ ಹೋಯಿತು.

ಮೂಳೆ_ಕೀಲು · ಬುಧವಾರ, ಬೆಳಿಗ್ಗೆ 8:20

ನಾನು ಫಿಸಿಯೋಥೆರಪಿ ಕಲಿಸುವವನು. ನಮ್ಮಲ್ಲಿ ಒಂದರಿಂದ ಐದರ ಫಾರಂ ಬಿಟ್ಟು ಎರಡು ವರ್ಷ ಆಯಿತು.

ಈಗ ಕೇಳುವ ಪ್ರಶ್ನೆ ಬೇರೆ. "ಕೌಶಲ ಹೇಗಿದೆ?" ಅಂತ ಅಲ್ಲ. "ಈ ಒಂದು ಕೆಲಸವನ್ನು ಇವನಿಗೆ ಬಿಟ್ಟು ನಾನು ಎಷ್ಟು ದೂರ ಹೋಗಬಲ್ಲೆ?" ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್‌ನ ಓಲೆ ಟೆನ್ ಕೇಟ್ 2005ರಲ್ಲಿ ಮುಂದಿಟ್ಟ ಯೋಚನೆ. ಮೆಟ್ಟಿಲು ಐದು. ಮೊದಲನೆಯದರಲ್ಲಿ ಅವನು ಬರೀ ನೋಡುತ್ತಾನೆ. ಎರಡನೆಯದರಲ್ಲಿ ಮಾಡುತ್ತಾನೆ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಮೂರರಲ್ಲಿ ನಾನು ಕೋಣೆಯಲ್ಲಿಲ್ಲ, ಕೂಗಿದರೆ ಬರುತ್ತೇನೆ. ನಾಲ್ಕರಲ್ಲಿ ಒಬ್ಬನೇ. ಐದರಲ್ಲಿ ಅವನೇ ಇನ್ನೊಬ್ಬರಿಗೆ ಕಾವಲು.

ಶಿಕ್ಷಕರಿಗೆ ಇದು ಸಲೀಸು, ಏಕೆಂದರೆ ದಿನಾ ಮನಸ್ಸಿನಲ್ಲಿ ಮಾಡುವುದೂ ಇದನ್ನೇ. ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ಒಟ್ಟು ಅಂಕ ಬೇಡ, ಕೆಲಸ ಕೆಲಸಕ್ಕೆ ಬೇರೆ ಬೇರೆ ಹೇಳಿ. ಡ್ರೆಸ್ಸಿಂಗ್? ನಾಲ್ಕನೇ ಮೆಟ್ಟಿಲು ಇರಬಹುದು. ಔಷಧಿ ಕೊಡುವುದು? ನೀವೇ ಎರಡು ಸಲ ತಡೆದಿರಿ ಅಂದರೆ ಇನ್ನೂ ಎರಡನೇ ಮೆಟ್ಟಿಲು. ರೋಗಿ ಹದಗೆಡುತ್ತಿರುವುದನ್ನು ಗುರುತಿಸಿ ತಿಳಿಸುವುದೂ ಎರಡೇ. ಇದರಲ್ಲಿ ಅವಮಾನ ಏನಿಲ್ಲ. ಯಾವ ಕೆಲಸಕ್ಕೆ ಯಾರು ಪಕ್ಕದಲ್ಲಿರಬೇಕು ಅನ್ನುವುದಷ್ಟೇ.

ಸ್ಟೇಷನ್_ಏಳು · ಬುಧವಾರ, ಬೆಳಿಗ್ಗೆ 9:05

ಕೇಳಲು ಚೆನ್ನಾಗಿದೆ ಸರ್. ಆದರೆ "ಬಿಟ್ಟು ಹೋಗಬಲ್ಲೆನಾ" ಅನ್ನುವುದು ನನ್ನ ಧೈರ್ಯದ ಅಳತೆಯೋ, ಅವನ ಕೌಶಲದ್ದೋ? ನಮ್ಮ ಹಾಗೆ ಮಾತಾಡುವವನನ್ನು, ನಮ್ಮ ಹಾಗೆ ಕಾಣುವವನನ್ನು ನಾವು ಬೇಗ ನಂಬುತ್ತೇವೆ. ಮೆಲ್ಲಗೆ ಮಾತಾಡುವವಳಿಗೆ ವಿಶ್ವಾಸ ಸಾಲದು ಅಂತ ಬರೆಯುತ್ತೇವೆ. ಆಸ್ಕಿಯಲ್ಲಿ ಕನಿಷ್ಠ ಎಲ್ಲರಿಗೂ ಒಂದೇ ಬಾಗಿಲು.

ಮೂಳೆ_ಕೀಲು · ಬುಧವಾರ, ಬೆಳಿಗ್ಗೆ 9:30

ಆ ಭಯ ನನಗೂ ಇದೆ. ಅದಕ್ಕೇ ಒಬ್ಬರ ನಂಬಿಕೆಯ ಮೇಲೆ ನಾವು ಯಾರನ್ನೂ ಮೆಟ್ಟಿಲು ಹತ್ತಿಸುವುದಿಲ್ಲ. ಆದರೆ ಬಾಗಿಲು ಒಂದೇ ಇದ್ದರೂ ಅದು ಪರೀಕ್ಷೆಯ ಬಾಗಿಲು ಸರ್. ಮಿಲ್ಲರ್ 1990ರಲ್ಲಿ ಹೇಳಿದ ಪಿರಮಿಡ್ ನಿಮಗೆ ಗೊತ್ತೇ ಇದೆ: ಗೊತ್ತು, ಹೇಗೆ ಅಂತ ಗೊತ್ತು, ಮಾಡಿ ತೋರಿಸುತ್ತಾನೆ, ನಿಜವಾಗಿ ಮಾಡುತ್ತಾನೆ. ಆಸ್ಕಿ ಮೂರನೇ ಹಂತದಲ್ಲೇ ನಿಂತುಬಿಡುತ್ತದೆ. ಆ ಹುಡುಗಿಯನ್ನು ನಿಮ್ಮ ಸ್ಟೇಷನ್ನಿಗೆ ಕಳಿಸಿ ನೋಡಿ. ಕೈಪಟ್ಟಿ ನೋಡುತ್ತಾಳೆ, ಹೆಸರು ಕೇಳುತ್ತಾಳೆ, ಹತ್ತಕ್ಕೆ ಹತ್ತು ತೆಗೆಯುತ್ತಾಳೆ. ಪಣ ಕಟ್ಟುತ್ತೇನೆ.

ಸ್ಟೇಷನ್_ಏಳು · ಬುಧವಾರ, ಬೆಳಿಗ್ಗೆ 9:41

ಪಣ ಕಟ್ಟಲ್ಲ. ಸೋಲ್ತೀನಿ.

ವಾರ್ಡ್_ಅಕ್ಕ · ಬುಧವಾರ, ಮಧ್ಯಾಹ್ನ 1:15

ನರ್ಸಿಂಗ್‌ನಲ್ಲಿ ಹೆಚ್ಚು ಕಮ್ಮಿ ಹಳೇಕೋಟು ಸರ್ ಅವರಷ್ಟೇ ಸರ್ವಿಸ್ ಆದವಳು ನಾನು. ಎಲ್ಲರೂ ಪಾಸೋ ಫೇಲೋ ಅಂತ ಜಗ್ಗಾಡುತ್ತಿದ್ದೀರಿ. 28ರ ಕಡೆ ಸ್ವಲ್ಪ ತಿರುಗಿ ನೋಡಿ.

ಎಣಿಸಿದ್ದಾಳೆ. ಎಷ್ಟೋ ಮಂದಿ ಎಣಿಸುವುದೇ ಇಲ್ಲ, ಕಣ್ಣಂದಾಜಿಗೆ 18 ಅಂತ ಬರೆದು ಮುಂದೆ ಹೋಗುತ್ತಾರೆ. ಇವಳು ಪ್ರಾಮಾಣಿಕಳು. ರೋಗಿ ಹದಗೆಡುತ್ತಿರುವುದನ್ನು ಬೇಗ ಹಿಡಿಯಲು ಬಳಸುವ ಬ್ರಿಟನ್ನಿನ ನ್ಯೂಸ್ (NEWS) ಸ್ಕೋರಿನಲ್ಲಿ ಉಸಿರಾಟ 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದೊಂದಕ್ಕೇ 3 ಅಂಕ, ತಕ್ಷಣ ಯಾರಾದರೂ ಬಂದು ನೋಡಲೇಬೇಕು. ಈ ವಿಷಯ ಅವಳಿಗೆ ಪರೀಕ್ಷೆಯಲ್ಲಿ ಗೊತ್ತು, ಹಾಸಿಗೆ ಪಕ್ಕದಲ್ಲಿ ಹೊಳೆಯಲಿಲ್ಲ. ಅಥವಾ ಹೊಳೆಯಿತು, ಹೇಳಲಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನರ್ಸಿನ ತೀರ್ಮಾನವನ್ನು ನಾಲ್ಕು ತುಂಡು ಮಾಡಿ ತೋರಿಸಿದರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಕೈಹಾಕುವುದು, ಆಮೇಲೆ ತಿರುಗಿ ಯೋಚಿಸುವುದು. ಯಾವ ತುಂಡು ಮುರಿದಿದೆ ಅಂತ ನಿಮ್ಮ ಫಾರಂ ಹೇಳಬೇಕು. "ಕ್ಲಿನಿಕಲ್ ಜಡ್ಜ್‌ಮೆಂಟ್: 2" ಅಂತ ಬರೆದರೆ ಅವಳಿಗೆ ಏನು ತಿಳಿಯುತ್ತದೆ? ಬೇಸರ ತಿಳಿಯುತ್ತದೆ, ಅಷ್ಟೇ.

ಬರೆಯುವ ರೀತಿ ಹೇಳುತ್ತೇನೆ, ಇದಕ್ಕೆ ನಾನು ಕಮಿಟಿಯಲ್ಲಿ ಏಟು ತಿಂದಿದ್ದೇನೆ. ಒಮ್ಮೆ ನಾನು "ಧೋರಣೆ ಸರಿಯಿಲ್ಲ, ಎಚ್ಚರ ಕಡಿಮೆ" ಅಂತ ಬರೆದಿದ್ದೆ. ಮೇಲ್ಮನವಿಯಲ್ಲಿ ಹತ್ತು ನಿಮಿಷಕ್ಕೆ ಹಾರಿಹೋಯಿತು. ಯಾವ ದಿನ? ನೆನಪಿಲ್ಲ. ಏನು ಮಾಡಿದ? ಒಟ್ಟಿನಲ್ಲಿ ಹಾಗೆ. ಅವನಿಗೆ ಹೇಳಿದಿರಾ? ಇಲ್ಲ. ನನಗೇ ನಾಚಿಕೆ ಆಯಿತು. ಈಗ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯುತ್ತೇನೆ, ಅದೇ ದಿನ: "ಬೆಳಿಗ್ಗೆ 8ರ ಔಷಧಿ ಸುತ್ತು. ಮೂವರಿಗೆ ಕೊಟ್ಟಳು. ಇಬ್ಬರ ಕೈಪಟ್ಟಿ ನೋಡಿದಳು. ಮೂರನೆಯವರದ್ದು ನೋಡಲಿಲ್ಲ, ನಾನು ತಡೆದೆ. ಕಾರಣ ಕೇಳಿದಾಗ ಹೀಗೆ ಅಂದಳು. ಹೀಗೆ ಮಾಡು ಅಂತ ಹೇಳಿದೆ." ಇದರಲ್ಲಿ ಅಂಕವೇ ಇಲ್ಲ. ಓದಿದವರು ತಾವೇ ಅಂಕ ಹಾಕಿಕೊಳ್ಳುತ್ತಾರೆ.

ಅವಳ ಸಾಕ್ಷಿಯನ್ನೂ ಅಲ್ಲೇ ಬರೆಯಿರಿ. ಬೈದರೆ ಸರಿಹೋಗುತ್ತಾಳೆ ಅಂತಲೂ ಅಂದುಕೊಳ್ಳಬೇಡಿ. ಫೀಡ್‌ಬ್ಯಾಕ್ ಬಗ್ಗೆ ಕ್ಲೂಗರ್ ಮತ್ತು ಡೆನಿಸಿ 1996ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಆದ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸದ ಮೇಲಿಂದ ಜಾರಿ ಮನುಷ್ಯನ ಮೇಲೆ ಬಿದ್ದಷ್ಟೂ ಕೆಡುತ್ತದೆ.

ನೈಟ್‌ಡ್ಯೂಟಿ · ಬುಧವಾರ, ಮಧ್ಯಾಹ್ನ 1:50

ಅಕ್ಕ, ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡೆ. ನನ್ನ ಹತ್ತಿರ ದಿನಾಂಕ ಇರುವುದು ಒಂದಕ್ಕೇ, 28ಕ್ಕೆ. ಅದೂ ಚಾರ್ಟಿನಲ್ಲಿ ಇರುವುದರಿಂದ.

ಹಳೇಕೋಟು · ಬುಧವಾರ, ಮಧ್ಯಾಹ್ನ 2:30

ಇನ್ನೂ ಎರಡು ದಿನ ಕೈಯಲ್ಲಿದೆ. ಬೇರೆ ಇಬ್ಬರನ್ನು ಕರೆದು ತಲಾ ಒಂದೊಂದು ಸಲ ನೋಡಲು ಹೇಳಿ. ನಿಮ್ಮ ಕಥೆಯನ್ನು ಅವರಿಗೆ ಮೊದಲೇ ಹೇಳಬೇಡಿ. ನಾರ್ಸಿನಿ 1995ರಲ್ಲಿ ಮಿನಿ-ಸೆಕ್ಸ್ (mini-CEX, ಚಿಕ್ಕ ಕ್ಲಿನಿಕಲ್ ಪರೀಕ್ಷೆ) ಅಂತ ತಂದದ್ದು ಇದನ್ನೇ. 15-20 ನಿಮಿಷ ನಿಜವಾದ ರೋಗಿಯ ಜೊತೆ ನೋಡು, ಅಲ್ಲೇ ಐದು ಹತ್ತು ನಿಮಿಷ ಮಾತಾಡು. ಹೆಸರು ಕೇಳಿ ನಮ್ಮ ಹುಡುಗರು ನಗುತ್ತಾರೆ. ನಗಲಿ ಬಿಡಿ, ನೋಡಿದ್ದಂತೂ ಆಯಿತಲ್ಲ.

ನೈಟ್‌ಡ್ಯೂಟಿ · ಶನಿವಾರ, ರಾತ್ರಿ 10:55

ಏನಾಯಿತು ಅಂತ ಹಲವರು ಕೇಳಿದ್ದೀರಿ. ಬರೆಯುತ್ತೇನೆ.

ಇಬ್ಬರನ್ನು ಕರೆದೆ. ಮೊದಲನೆಯವರು ಕಣ್ಣಮುಂದೆ ನಿಂತು ನೋಡಿದರು, ಅವಳು ಐದೂ ರೋಗಿಗಳ ಕೈಪಟ್ಟಿ ನೋಡಿದಳು. ಮೂಳೆ ಕೀಲು ಸರ್ ಗೆದ್ದಿರಿ. ಎರಡನೆಯವರು ಪಕ್ಕದ ಹಾಸಿಗೆಯಲ್ಲಿ ತಮ್ಮ ಕೆಲಸ ಮಾಡುತ್ತಲೇ ನೋಡಿದರು. ನೋಡುತ್ತೇನೆ ಅಂತ ಮೊದಲೇ ಅವಳಿಗೆ ಹೇಳಿದ್ದರು, ಕದ್ದು ನೋಡಲಿಲ್ಲ. ಆರರಲ್ಲಿ ನಾಲ್ಕು. ಬಿಟ್ಟ ಇಬ್ಬರೂ ಅವಳಿಗೆ ಹಳೆಯ ಪರಿಚಯದ ರೋಗಿಗಳು. ಅಂದರೆ ಪರಿಚಯವೇ ಅವಳಿಗೆ ಕೈಪಟ್ಟಿ ಆಗಿಬಿಟ್ಟಿದೆ. ನನ್ನ ಕಣ್ಣೊಂದಕ್ಕೆ ಇದು ಗೊತ್ತಾಗಿರಲಿಲ್ಲ.

28ರ ಬಗ್ಗೆ ಶುಕ್ರವಾರ ಕೂತು ಮಾತಾಡಿದೆ. ವಾರ್ಡ್ ಅಕ್ಕ ಹೇಳಿದ ಹಾಗೆ "ಆ ನಂಬರ್ ನೋಡಿದಾಗ ಏನು ಅನ್ನಿಸಿತು?" ಅಂತ ಮಾತ್ರ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದಳು. ಹೆದರಿಕೆ ಆಯಿತು ಅಂದಳು. ಮತ್ತೆ ಯಾಕೆ ಹೇಳಲಿಲ್ಲ? ಎರಡು ಪೋಸ್ಟಿಂಗ್ ಹಿಂದೆ ಒಬ್ಬ ರೋಗಿಯ ಬಿಪಿ ಕಡಿಮೆ ಇದೆ ಅಂತ ಓಡಿಹೋಗಿ ಹೇಳಿದ್ದಳಂತೆ. ಯಂತ್ರದ ಪಟ್ಟಿ ಸಡಿಲವಾಗಿತ್ತಂತೆ. ಎಲ್ಲರ ಮುಂದೆ "ಎಲ್ಲದಕ್ಕೂ ಓಡಿ ಬರಬೇಡ, ಬರೆದಿಡು" ಅಂದರಂತೆ. ಬರೆದಿಟ್ಟಳು. ಆ ಪೋಸ್ಟಿಂಗಿನ ಫಾರಂನಲ್ಲೂ ನಾಲ್ಕೇ ಇತ್ತು.

ಫಾರಂನಲ್ಲಿ ಉಳಿದ ಕಾಲಂಗಳಿಗೆ ಅವಳಿಗೆ ಸಿಗಬೇಕಾದ್ದು ಕೊಟ್ಟೆ, ಎರಡು ಕಡೆ ಐದು. ಔಷಧಿಗೂ ಹದಗೆಡುವ ರೋಗಿಯನ್ನು ಗುರುತಿಸಿ ತಿಳಿಸುವುದಕ್ಕೂ ಎರಡು. ಜೊತೆಗೆ ಮೂವರು ಬರೆದ ಟಿಪ್ಪಣಿ ಲಗತ್ತಿಸಿದೆ, ಅವಳು ಹೇಳಿದ ಮಾತನ್ನೂ ಸೇರಿಸಿ. ಮೊದಲು ಅವಳಿಗೆ ಓದಿಸಿದೆ. ಅತ್ತಳು. ಕಮಿಟಿ ಇನ್ನೂ ಎರಡು ವಾರ ಅದೇ ವಾರ್ಡಿನಲ್ಲಿ ಮುಂದುವರಿಸಲಿ ಅಂತ ತೀರ್ಮಾನಿಸಿತು. ಒಬ್ಬ ಸದಸ್ಯರು ನನ್ನನ್ನು ನೋಡಿ "ಬೇರೆ ಯಾರಿಗೂ ಕಾಣದ್ದು ನಿಮಗೆ ಕಂಡಿತಲ್ಲ" ಅಂದರು. ಹೊಗಳಿಕೆ ಅಲ್ಲ ಅಂತ ಧ್ವನಿಯಲ್ಲೇ ಗೊತ್ತಾಯಿತು.

ಸೀನಿಯರ್‌ಗೆ ಕೊನೆಗೂ ಫೋನ್ ಮಾಡಿದೆ. ಔಷಧಿ ಕೊಡುವುದನ್ನು ನೋಡಿದ್ದಿರಾ ಅಂತ ಕೇಳಿದೆ. "ನೋಡೋಕೆ ಟೈಮ್ ಎಲ್ಲಿತ್ತು ಹೇಳು" ಅಂದರು. ಅವರ ವಾರ್ಡಿನಲ್ಲಿ ಆ ತಿಂಗಳು ಮೂವರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು. ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ ಫೋನ್ ಇಟ್ಟೆ.

ಸುಮ್ನೆ_ಸೈನ್_ಹಾಕಿ · ಶನಿವಾರ, ರಾತ್ರಿ 11:20

ರಜೆ ಎಷ್ಟು ಹೋಯಿತು?

ನೈಟ್‌ಡ್ಯೂಟಿ · ಶನಿವಾರ, ರಾತ್ರಿ 11:22

ಒಂದೂವರೆ ದಿನ.

ಈಗಷ್ಟೇ_ಇಂಟರ್ನ್ · ಭಾನುವಾರ, ಬೆಳಿಗ್ಗೆ 7:30

ಮೇಡಂ, ನಾಳೆ ನನ್ನ ಹೊಸ ಪೋಸ್ಟಿಂಗ್ ಶುರು. ಯಾರಾದರೂ ನನ್ನನ್ನು ಕೂತು ನೋಡಲಿ ಅಂತ ನಾನೇ ಕೇಳಬಹುದಾ? ಹೇಗೆ ಕೇಳುವುದು? ಉದ್ಧಟತನ ಅನ್ನಿಸಲ್ವಾ?

ವಾರ್ಡ್_ಅಕ್ಕ · ಭಾನುವಾರ, ಬೆಳಿಗ್ಗೆ 8:05

ಒಂದೇ ಕೆಲಸ ಹೆಸರಿಸಿ ಕೇಳಿ, ಒಪ್ಪುತ್ತಾರೆ. "ನಾಳೆ ಮೊದಲ ರೋಗಿಯ ಹಿಸ್ಟರಿ ತೆಗೆಯುವಾಗ ಹತ್ತು ನಿಮಿಷ ಪಕ್ಕದಲ್ಲಿ ಇರ್ತೀರಾ, ಎಲ್ಲಿ ಎಡವ್ತೀನಿ ನೋಡಿ ಹೇಳಿ." ಬೆಳಿಗ್ಗೆ ರೌಂಡ್ಸ್‌ಗೆ ಮುಂಚೆ ಕೇಳಬೇಡಿ, ಮುಗಿದ ಮೇಲೆ ಕೇಳಿ.